ಬಾಣಂತಿಯನ್ನು ಬೈದರೆ ರಕ್ತ ನಿಲ್ಲುವುದೇ?

ಹೊಕ್ಕುಳಬಳ್ಳಿ ಉದುರಿದ ಜಾಗದಲ್ಲಿ ಕೂಸಿಗೆ ರಕ್ತ ನಿಲ್ಲುತ್ತಿಲ್ಲವೆಂದರೆ ಮನೆಯಲ್ಲಿ ಮೊದಲು ಅರಿಶಿನ, ಆಮೇಲೆ ಹರಕೆ, ಕೊನೆಗೆ ಬಾಣಂತಿಗೆ ಬೈಗುಳ. ಆಸ್ಪತ್ರೆ ನೆನಪಾಗೋ ಹೊತ್ತಿಗೆ ಕೂಸು ಬಿಳಿಚಿಕೊಂಡಿರುತ್ತದೆ.

ರಕ್ತ ಹೆಪ್ಪುಗಟ್ಟಲು ಫೈಬ್ರಿನೋಜನ್ ಎಂಬ ಅಂಶ ಬೇಕು. ಗಾಯದ ಬಾಯಿಗೆ ಬಲೆ ನೇಯುವುದು ಅದೇ. ಹುಟ್ಟಿನಿಂದಲೇ ಅದು ಪೂರ್ತಿ ಇಲ್ಲದವರು ಸುಮಾರು 10 ಲಕ್ಷಕ್ಕೊಬ್ಬರು. ಹಿಮೋಫಿಲಿಯಾ ಕಾಡುವುದು ಹೆಚ್ಚಾಗಿ ಗಂಡುಮಕ್ಕಳನ್ನು; ಇದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಕುಂದು ಬಂದರೇನೇ ಮಗುವಿಗೆ ಈ ಗತಿ. ಹೀಗಿರುವಾಗ ತಾಯಿಯೊಬ್ಬಳ ತಲೆಗೆ ಕಟ್ಟುವುದು ಯಾವ ನ್ಯಾಯ? ಅಕ್ಕನ ಮಗಳನ್ನೇ ತಂದುಕೊಳ್ಳುವ ಮನೆತನಗಳಲ್ಲಿ ಅಪಾಯ ಜಾಸ್ತಿ ಅನ್ನೋದನ್ನೂ ಹಿರಿಯರು ತಿಳಿದಿರಲಿ.

ಮದ್ದಿಲ್ಲವೇ? ಉಂಟು. 1960ರ ದಶಕದಲ್ಲಿ ಅಮೆರಿಕದ ಜುಡಿತ್ ಪೂಲ್ ಎಂಬಾಕೆ ತೋರಿಸಿಕೊಟ್ಟ ಕ್ರಯೋಪ್ರೆಸಿಪಿಟೇಟ್ ಇಂದಿಗೂ ಜೀವ ಉಳಿಸುತ್ತದೆ. ದಾನಿಗಳ ರಕ್ತದ ಪ್ಲಾಸ್ಮಾದಿಂದಲೇ ಅದನ್ನು ತೆಗೆಯುವುದು. ಫೈಬ್ರಿನೋಜನ್ ಪುಡಿಯ ಇಂಜೆಕ್ಷನ್ನೂ ಇದೆ. ಬೆಲೆ ಮಾತ್ರ ಬಡವರ ಕೈಗೆ ಎಟುಕದು.

ಆದ್ದರಿಂದ ಜಿಲ್ಲೆಗೊಂದು ರಕ್ತನಿಧಿಯಲ್ಲಾದರೂ ಕ್ರಯೋ ಸದಾ ಸಿಗಬೇಕು. ಅದು ಸರ್ಕಾರದ ಕೆಲಸ. ರಕ್ತ ಕೊಡುವುದು ಅಂಗಡಿ ಬಾಗಿಲು ತೆಗೆಯುವವರ, ಬಸ್ಸು ಹತ್ತುವವರ ಕೆಲಸ. ಕೂಸನ್ನು ಅಂದೇ ಡಾಕ್ಟರಿಗೆ ತೋರಿಸುವುದು ಮನೆಯವರ ಕೆಲಸ. ಹರಕೆ ಆಮೇಲೆ ತೀರಿಸಿದರೂ ದೇವರು ಕೋಪಿಸಿಕೊಳ್ಳುವುದಿಲ್ಲ.