ಎಣ್ಣೆ ಹಚ್ಚಿ, ಆದರೆ ಬೆಳ್ಳಗಾಗೋಕೆ ಅಲ್ಲ



"ಏನಕ್ಕಾ, ಭೂಮಿ, ಒಳಮೀಸಲಾತಿ ಬಿಟ್ಟು ಸೀಗೆಕಾಯಿ ಮೇಲೆ ಪೋಸ್ಟು ಹಾಕ್ತಿದೀರಾ?" ಅಂತ ಕೇಳೋರು ಕೇಳಲಿ. ಡಿಸೆಂಬರ್ 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳ ಜೊತೆ ಸೀರೆ ಹೇಗೆ ಉಡಬೇಕು, ಜಾತಿ ಸಾರಿ ಹೇಳೋ ಒಡವೆ ಯಾಕೆ ಕಳಚಬೇಕು ಅಂತ ಮಾತಾಡಿದ್ರು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಾಗ ಬಲವಂತವಾಗಿ ತಲೆ ಬೋಳಿಸೋದು, ಮೀಸೆ ತೆಗೆಸೋದು ಅಪರಾಧ ಅಂತ ಬಿಡಿಸಿ ಬರೆಯಬೇಕಾಯ್ತು. ಇವತ್ತಿಗೂ ಎಷ್ಟೋ ಹಳ್ಳಿಗಳ ನಮ್ಮ ಹುಡುಗರು ಕ್ಷೌರಕ್ಕೆ ಅಂತ ಪಟ್ಟಣಕ್ಕೆ ಬಸ್ಸು ಹತ್ತುತ್ತಾರೆ. ಕೂದಲು ನಮಗೆ ಸಣ್ಣ ವಿಷಯ ಯಾವತ್ತೂ ಆಗಿರಲಿಲ್ಲ.

ಈಗ ರೀಲ್ಸ್ ತುಂಬಾ "ಅಜ್ಜಿಯ ಮನೆಮದ್ದು". ನಮ್ಮ ಅಜ್ಜಿಯರು ಬೇಲಿಯಲ್ಲಿ, ಗುಡ್ಡದಲ್ಲಿ ಆಯ್ದು ತಂದಿದ್ದನ್ನೇ ಡಬ್ಬಿಗೆ ಹಾಕಿ, ಹಸಿರು ಲೇಬಲ್ ಅಂಟಿಸಿ ನಮಗೇ ಮಾರ್ತಾರೆ. ಅಜ್ಜಿ ಸೋಪು ಬಿಟ್ಟಿದ್ದು ಪ್ರಕೃತಿ ಪ್ರೇಮದಿಂದ ಅಲ್ಲ ಸ್ವಾಮಿ, ಕಾಸಿಲ್ಲದೆ! ಆದರೂ ಅವಳ ಕೆಲವು ಲೆಕ್ಕ ಸರಿಯಾಗಿತ್ತು ಅನ್ನೋದು ನನ್ನ ವಾದ.

ನಮ್ಮ ನೀರನ್ನೇ ನೋಡಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಬೋರ್‌ವೆಲ್ ಕೊರೆದರೂ ಸಾವಿರ ಅಡಿ ಮಾತು. ಬರೋದು ಗಡಸು ನೀರು, ಜೊತೆಗೆ ಫ್ಲೋರೈಡ್. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ನೊರೆ ಬರಲ್ಲ, ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತೆ. ಬಟ್ಟೆ ಸೋಪಲ್ಲೇ ತಲೆ ತೊಳೆಯೋ ಮನೆಗಳಲ್ಲಿ ಮಕ್ಕಳ ಕೂದಲು ತೆಂಗಿನ ನಾರಿನ ಹಾಗೆ ಆಗೋದು ಇದಕ್ಕೇ. ಅದನ್ನು ನೋಡಿ ಟೀಚರಮ್ಮ "ಸ್ನಾನನೇ ಮಾಡಲ್ಲ ಈ ಕೇರಿಯವರು" ಅಂದುಬಿಡ್ತಾರೆ. ನೀರಿನ ದೋಷ ನಮ್ಮ ಜಾತಿ ಮೇಲೆ!

ಸೀಗೆಕಾಯಿ, ಅಂಟುವಾಳಕಾಯಿಗೆ (ಮುಳಬಾಗಿಲು ಕಡೆಯ ತೆಲುಗು ಮನೆಗಳಲ್ಲಿ ಕುಂಕುಡುಕಾಯಿ) ಈ ಸಮಸ್ಯೆ ಇಲ್ಲ. ಗಡಸು ನೀರಲ್ಲೂ ಕೊಳೆ ಬಿಡಿಸುತ್ತೆ, ಆ ಜಿಡ್ಡು ಕಟ್ಟಲ್ಲ. ನಾಲ್ಕೈದು ಅಂಟುವಾಳಕಾಯಿ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ. ಕಣ್ಣಿಗೆ ಬಿದ್ದರೆ ಉರಿ, ಹುಷಾರು. ಸೀಗೆಪುಡಿಯಾದರೆ ಅನ್ನ ಬಸಿದ ಗಂಜಿಯಲ್ಲಿ ಕಲಸಿ. ಶಾಂಪೂನೇ ಬೇಕು ಅಂದರೆ ಸ್ಯಾಶೆ ನೇರ ತಲೆಗೆ ಸುರಿಯದೆ ಅರ್ಧ ಚೊಂಬು ನೀರಲ್ಲಿ ಕದಡಿ ಹಾಕಿ, ಒಂದು ಪ್ಯಾಕೆಟ್ಟು ಇಬ್ಬರಿಗೆ ಆಗುತ್ತೆ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೇ ಚೊಂಬು ಅದೇ ಇರಲಿ.

ಹೇನಿಗೆ ಸೀಮೆಎಣ್ಣೆ ಹಚ್ಚೋದು ಇನ್ನೂ ನಿಂತಿಲ್ಲ. ದಯವಿಟ್ಟು ಬೇಡ. ಒಲೆ ಮುಂದೆ ಕೂತ ಮಗು ತಲೆ ಅದು. ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ಸೀರಣಿಗೆಯಲ್ಲಿ ಬುಡದಿಂದ ಬಾಚಿ. ಸೀರು ಒಡೆಯೋಕೆ ವಾರ, ಹತ್ತು ದಿನ ಬೇಕು. ಹಾಗಾಗಿ ಒಂದೇ ಸಲ ಬಾಚಿ ಬಿಟ್ಟರೆ ಆಗಲ್ಲ, ಮೂರು ದಿನಕ್ಕೊಮ್ಮೆ ಎರಡು ವಾರ ಬಾಚಬೇಕು. ಮನೆಯವರಿಗೆಲ್ಲ ಒಟ್ಟಿಗೇ ಮಾಡಿ.

ಮುಖದ ವಿಷಯಕ್ಕೆ ಬರ್ತೀನಿ, ಇಲ್ಲೇ ನನ್ನ ಜಗಳ. ಕಡಲೆಹಿಟ್ಟು, ಮೊಸರು, ಹೆಸರುಹಿಟ್ಟು ಎಲ್ಲ ಸರಿ, ಜಿಡ್ಡು ಹೋಗುತ್ತೆ, ಒಂದೆರಡು ದಿನದ ಕೂಲಿ ಪಾರ್ಲರ್‌ಗೆ ಹೋಗೋದು ಉಳಿಯುತ್ತೆ. ಆದರೆ "ಏಳು ದಿನದಲ್ಲಿ ಬೆಳ್ಳಗಾಗಿ" ಅನ್ನೋ ಮಾತು ಯಾಕೆ? ನಿಂಬೆರಸ ಹಚ್ಚಿಕೊಂಡು ಟೊಮ್ಯಾಟೊ ತೋಟಕ್ಕೆ ಬಿಸಿಲಿಗೆ ಹೋದರೆ ಚರ್ಮ ಸುಡುತ್ತೆ, ಕಲೆ ಉಳಿಯುತ್ತೆ. 1975ರಲ್ಲಿ ಶುರುವಾದ ಫೇರ್ ಅಂಡ್ ಲವ್ಲಿ 2020ರಲ್ಲಿ "ಫೇರ್" ಬಿಟ್ಟು "ಗ್ಲೋ" ಅಂತ ಹೆಸರು ಬದಲಿಸಿತು. ನಮ್ಮ ಹೆಣ್ಣು ನೋಡೋ ಶಾಸ್ತ್ರದಲ್ಲಿ ಆ ಪದ ಇನ್ನೂ ಬದಲಾಗಿಲ್ಲ, ನೀಲಿ ಶಾಲು ಹೊದ್ದೋರ ಮನೇಲೂ! ಹೆಸರಿಲ್ಲದ ಬಿಳುಪಿನ ಕ್ರೀಮ್‌ಗಳಂತೂ ಮುಟ್ಟಲೇಬೇಡಿ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಅಂಥವನ್ನು ಹಚ್ಚಿಕೊಂಡವರಿಗೆ ಕಿಡ್ನಿ ಕಾಯಿಲೆ ಬಂತು, ಕಾರಣ ಪಾದರಸ.

ಕೂದಲು ಉದುರುತ್ತೆ ಅಂತ ಮೊಟ್ಟೆ ತಲೆಗೆ ಹಚ್ಚೋರೇ, ಅದನ್ನು ತಿನ್ನಿ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬಾರದು ಅಂತ 2021ರಲ್ಲಿ ಕೆಲವು ಸ್ವಾಮಿಗಳು ಎದ್ದು ನಿಂತಿದ್ದು ಮರೆತಿಲ್ಲ ತಾನೆ? ಹೆಣ್ಣುಮಕ್ಕಳ ಕೂದಲು ಉದುರೋದಕ್ಕೆ ಎಷ್ಟೋ ಸಲ ಕಾರಣ ರಕ್ತಹೀನತೆ. ಎಣ್ಣೆ ಬದಲಿಸೋ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಕಬ್ಬಿಣಾಂಶದ ಮಾತ್ರೆ ಬಿಸಾಡಬೇಡಿ. ಊಟ ಆದ ತಕ್ಷಣ ಟೀ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ.

ಒಂದು ಎಚ್ಚರಿಕೆ. "ಮನೆಯಲ್ಲೇ ಮಾಡ್ಕೊಳ್ಳಿ" ಅನ್ನೋದನ್ನು ಸರ್ಕಾರ ಕೈತೊಳೆದುಕೊಳ್ಳೋಕೆ ಬಳಸಬಾರದು. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಮಕ್ಕಳಿಗೆ ಶುಚಿ ಸಂಭ್ರಮ ಕಿಟ್ ಇದೆ. ಸೋಪು, ಕೊಬ್ಬರಿ ಎಣ್ಣೆ, ಪೇಸ್ಟು, ಬ್ರಷ್ಷು. ಅದು ಭಿಕ್ಷೆ ಅಲ್ಲ, ಹಕ್ಕು. ನಾಲ್ಕೂ ತಾಲ್ಲೂಕಿನ ಗೆಳೆಯರು ಈ ವಾರ ನಿಮ್ಮೂರಿನ ಹಾಸ್ಟೆಲ್‌ಗೆ ಹೋಗಿ ಮಕ್ಕಳನ್ನೇ ಕೇಳಿ: ಕೊನೇ ಕಿಟ್ ಯಾವಾಗ ಬಂತು, ಎಣ್ಣೆ ಎಷ್ಟು ದಿನಕ್ಕೆ ಆಯ್ತು, ಸ್ನಾನಕ್ಕೆ ನೀರು ಎಲ್ಲಿಂದ. ಮಕ್ಕಳ ಹೆಸರು, ಫೋಟೋ ಹಾಕದೆ ಉತ್ತರ ಮಾತ್ರ ಕಾಮೆಂಟಲ್ಲಿ ಬರೀರಿ, ಒಟ್ಟುಮಾಡಿ ಇಲಾಖೆಗೆ ಅರ್ಜಿ ಕೊಡೋಣ.