ಗೃಹಾರೋಗ್ಯ: ಮೈಲುತುತ್ತದ ವಿಚಾರ

ಮಳೆಗಾಲವು ಸಮೀಪಿಸಿತೆಂದರೆ ಮಲೆನಾಡಿನ ಅಡಿಕೆತೋಟದ ಮನೆಗಳಿಗೆ ಮೈಲುತುತ್ತದ ಚೀಲಗಳು ಬಂದು ಜಗಲಿಯನ್ನೋ ಅಟ್ಟವನ್ನೋ ಸೇರುತ್ತವೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಇದೇ ಮೂಲದ್ರವ್ಯ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಇದರ ಗುಣವನ್ನು ಪರೀಕ್ಷಿಸಿ ೧೮೮೫ರಲ್ಲಿ ಪ್ರಕಟಿಸಿದವರು ಮಿಲಾರ್ಡೆ ಎಂಬ ವಿದ್ವಾಂಸರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಶೋಧಿಸಿ ೧೯೧೦ರಲ್ಲಿ ವರದಿ ಬರೆದು, ಈ ದ್ರಾವಣವನ್ನು ಪ್ರಚಾರಕ್ಕೆ ತಂದವರು ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯರು.

ಆದರೆ ಜನರು ಇದನ್ನು ‘ಮದ್ದು’ ಎನ್ನುತ್ತಾರೆ. ಮದ್ದೆಂಬ ಮಾತಿಗೆ ಔಷಧವೆಂಬಂತೆಯೇ ವಿಷವೆಂಬ ಅರ್ಥವೂ ಉಂಟು. ಎರಡನೆಯ ಅರ್ಥವನ್ನು ಮರೆತುದರಿಂದಲೇ ಅಕ್ಕಿಯ ಡಬ್ಬದ ಪಕ್ಕದಲ್ಲಿ ಇದನ್ನಿಡುವ ಧೈರ್ಯ ನಮಗೆ ಬಂದಿದೆ! ನವಿಲುಗೊರಳಿನ ಬಣ್ಣದ ಈ ವಸ್ತುವಿಗೆ ಸಂಸ್ಕೃತದಲ್ಲಿ ಮಯೂರತುತ್ಥವೆಂದು ಹೆಸರು. ಶೋಧಿಸದೆ ಒಳಕ್ಕೆ ಕೊಟ್ಟರೆ ವಾಂತಿ, ಭ್ರಮೆಗಳುಂಟಾಗುವುವೆಂದು ರಸಶಾಸ್ತ್ರಜ್ಞರು ಎಂದೋ ಎಚ್ಚರಿಸಿದ್ದಾರೆ.

ಮಕ್ಕಳ ಕಣ್ಣಿಗೆ ಈ ನೀಲಿ ಹರಳು ಬಣ್ಣದ ಕಲ್ಲುಸಕ್ಕರೆಯಂತೆ ತೋರುವುದು ಸಹಜವಷ್ಟೆ. ನುಂಗಿದರೆ ಹೊಟ್ಟೆ ಉರಿಯುತ್ತದೆ, ವಾಂತಿಯು ನೀಲಿ-ಹಸಿರಾಗಿರುತ್ತದೆ. ದೊಡ್ಡವರಿಗೇ ೧೦ರಿಂದ ೨೦ ಗ್ರಾಂ ಪ್ರಾಣಾಂತಕವಾಗಬಲ್ಲದು. ಮಕ್ಕಳಿಗೆ ಅದಕ್ಕಿಂತ ಬಹಳ ಕಡಮೆ ಸಾಕು. ಇಲ್ಲಿಯೇ ಒಂದು ಮೋಸವಿದೆ. ವಾಂತಿ ನಿಂತೊಡನೆ ಮಗುವು ಚೇತರಿಸಿಕೊಂಡಂತೆ ಕಾಣಬಹುದು. ಆದರೆ ರಕ್ತವನ್ನು ಸೇರಿದ ತಾಮ್ರವು ಕೆಂಪು ಕಣಗಳನ್ನು ಒಡೆಯುತ್ತ ಹೋಗುತ್ತದೆ. ಒಂದೆರಡು ದಿನಗಳಲ್ಲಿ ಮೂತ್ರವು ಕಪ್ಪಾಗಿ, ಕಣ್ಣು ಹಳದಿಯಾಗಿ, ಮೂತ್ರಪಿಂಡಗಳೇ ಕೆಲಸ ನಿಲ್ಲಿಸಬಹುದು. ಆದುದರಿಂದ ‘ಎಲ್ಲ ಹೊರಬಿತ್ತು’ ಎಂದು ಮನೆಯಲ್ಲಿ ಮಲಗಿಸಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯೂ ಸಲ್ಲದು. ಬಾಯಿ ತೊಳೆಯಿಸಿ, ವಸ್ತುವಿನ ಚೀಲವನ್ನೂ ಜತೆಗೊಯ್ದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಶೇಕಡ ೧ರ ದ್ರಾವಣಕ್ಕೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦೦ ಲೀಟರು ನೀರು ಎಂಬ ಲೆಕ್ಕವನ್ನು ಎಲ್ಲರೂ ಬಲ್ಲರು. ಕಬ್ಬಿಣದ ಪಾತ್ರೆಯನ್ನು ಮೈಲುತುತ್ತ ತಿನ್ನುವುದರಿಂದ ಪ್ಲಾಸ್ಟಿಕ್ ಪೀಪಾಯಿಯೇ ಯೋಗ್ಯ. ಅಡಿಗೆಮನೆಯ ಪಾತ್ರೆಯಂತೂ ಕೂಡದು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವ ಕ್ರಮವು ಒಳ್ಳೆಯದೇ. ಆ ಚೂರಿಯಿಂದ ಮತ್ತೆ ತರಕಾರಿ ಹೆಚ್ಚಬಾರದು.

ಮನೆಯ ಮಕ್ಕಳಷ್ಟೇ ಕನಿಕರಕ್ಕೆ ಪಾತ್ರನಾದವನು ಮರವೇರುವ ಕೊನೆಗಾರ. ಗೊನೆಯತ್ತ ಮುಖವೆತ್ತಿ ಸಿಂಪಡಿಸುವವನ ಕಣ್ಣಿಗೇ ಹನಿ ಬೀಳುವುದಷ್ಟೆ. ಕಣ್ಣಿಗೆ ಬಿದ್ದೊಡನೆ ರೆಪ್ಪೆ ತೆರೆದು ಕಾಲು ಗಂಟೆ ತಿಳಿನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ವರ್ಷಗಟ್ಟಲೆ ತುಂತುರನ್ನು ಉಸಿರಾಡಿದ ದ್ರಾಕ್ಷಿತೋಟದ ಕೆಲಸಗಾರರ ಶ್ವಾಸಕೋಶ ಕೆಟ್ಟುದನ್ನು ಪೋರ್ಚುಗಲ್ಲಿನ ವೈದ್ಯರು ೧೯೬೯ರಲ್ಲಿ ವರದಿಮಾಡಿದರು. ಕನ್ನಡಕ, ಕೈಚೀಲ, ಮುಖವಸ್ತ್ರಗಳನ್ನು ಕೊಡಿಸುವ ಹೊಣೆ ತೋಟದ ಯಜಮಾನನದು. ‘ಅವನಿಗೆ ಅಭ್ಯಾಸವಾಗಿದೆ’ ಎಂಬುದು ಉತ್ತರವಲ್ಲ.

ಸಂಜೆ ಪಂಪನ್ನು ಹಳ್ಳದಲ್ಲಿ ತೊಳೆಯುವುದನ್ನೂ ಬಿಡಿಸಬೇಕು. ಅತ್ಯಲ್ಪ ತಾಮ್ರವೂ ಮೀನುಗಳನ್ನು ಕೊಲ್ಲುತ್ತದೆ. ಅದೇ ಹಳ್ಳದ ನೀರನ್ನು ಕೆಳಗಿನ ಮನೆಯ ದನಗಳು ಕುಡಿಯುತ್ತವೆ.