ಎಡಗಾಲಿಗ್ಯಾಕೆ ಚುಚ್ಚಿದಿರಿ ಸ್ವಾಮಿ?

ನಮ್ಮ ಪ್ರೆಸ್ಸಿನಲ್ಲಿ ಕಟಿಂಗ್ ಮಿಷನ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ನಮ್ಮಪ್ಪ ಟ್ರೆಡಲ್ ತುಳಿಯುತ್ತಿದ್ದ ಕಾಲದಿಂದ ಇರುವವರು. ನಾನು ಮಾವ ಅಂತಲೇ ಕರೆಯುವುದು. ಎರಡು ವರ್ಷದ ಹಿಂದೆ ಬಸ್ ಸ್ಟಾಪಿನಿಂದ ಪ್ರೆಸ್ಸಿಗೆ ನಡೆದು ಬರುವಾಗ ಅವರು ಮೂರು ಕಡೆ ನಿಲ್ಲತೊಡಗಿದರು. ಮೊದಲು ಪಾತ್ರೆ ಅಂಗಡಿ, ಆಮೇಲೆ ಸಿನಿಮಾ ಪೋಸ್ಟರಿನ ಗೋಡೆ, ಕೊನೆಗೆ ಬೀಡಿ ಅಂಗಡಿ. "ಏನ್ ಮಾವ, ಈ ವಯಸ್ಸಲ್ಲಿ ಪೋಸ್ಟರ್ ನೋಡ್ತೀರಾ" ಅಂತ ಹುಡುಗರು ರೇಗಿಸಿದರು. ನಾನೂ ನಕ್ಕೆ. ಆ ನಗು ನೆನಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಮಾವ ಪೋಸ್ಟರ್ ನೋಡುತ್ತಿರಲಿಲ್ಲ. ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು, ಮತ್ತೆ ಇನ್ನೂರು ಹೆಜ್ಜೆಗೆ ಹಿಡಿಯುತ್ತಿತ್ತು. ಜರ್ಮನಿಯಲ್ಲಿ ಇದಕ್ಕೆ 'ಅಂಗಡಿ ಕಿಟಕಿ ನೋಡುವ ಕಾಯಿಲೆ' ಅಂತ ಜನ ಹೆಸರಿಟ್ಟಿದ್ದಾರಂತೆ. ಅಲ್ಲಿಯ ಮುದುಕರೂ ನೋವು ಮುಚ್ಚಿಕೊಳ್ಳಲು ಅಂಗಡಿ ನೋಡುವ ಹಾಗೆ ನಟಿಸುತ್ತಾರೆ. ನಮ್ಮಲ್ಲಿ ಇದರ ಹೆಸರು 'ವಾತ'. ಎಣ್ಣೆ ತಿಕ್ಕಿದ್ದಾಯಿತು, ಬೆನ್ನಿನ ನರ ಎಂದು ಒಬ್ಬರು ಮಾತ್ರೆ ಕೊಟ್ಟದ್ದಾಯಿತು. ಒಂದು ವರ್ಷ ಹಾಗೇ ಹೋಯಿತು. ಆಮೇಲೆ ರಾತ್ರಿ ಕಾಲುನೋವಿಗೆ ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟು ಕೂರತೊಡಗಿದರು. ಕಾಲು ಕೆಳಗಿದ್ದರೆ ರಕ್ತ ತನ್ನ ಭಾರಕ್ಕೇ ಅಷ್ಟಿಷ್ಟು ಇಳಿಯುತ್ತದೆ, ನೋವು ತಗ್ಗುತ್ತದೆ. ಆ ಹೊತ್ತಿಗೆ ಕಿರುಬೆರಳಿನ ಗಾಯ ಕಪ್ಪಾಗಿತ್ತು.

ದೊಡ್ಡಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಆಂಜಿಯೋಗ್ರಾಂ ಮಾಡಬೇಕು ಅಂದರು. ಇಂಗ್ಲಿಷಿನ ಎರಡು ಹಾಳೆ ಮುಂದಿಟ್ಟು ಸಹಿ ಮಾಡಿ ಅಂದರು. ನಾನು ಪಿಯುಸಿ ಓದಿದವನು, ದಿನಾ ಇಂಗ್ಲಿಷ್ ವಿಸಿಟಿಂಗ್ ಕಾರ್ಡು ಅಚ್ಚು ಹಾಕುವವನು. ನನಗೇ ಅರ್ಧ ತಿಳಿಯಲಿಲ್ಲ. ಮಾವ ಕನ್ನಡದಲ್ಲಿ ಚೆಂದಾಗಿ ಸಹಿ ಹಾಕಿದರು. ಒಳಗೆ ಹೋದವರು ಹೊರಗೆ ಬಂದಾಗ ಎಡ ತೊಡೆಸಂದಿನಲ್ಲಿ ಬ್ಯಾಂಡೇಜು! ಅತ್ತೆ ಕಾರಿಡಾರಿನಲ್ಲೇ ಕೂಗಿಕೊಂಡರು: "ನೋವಿರೋದು ಬಲಗಾಲು, ಎಡಗಾಲಿಗ್ಯಾಕೆ ಚುಚ್ಚಿದಿರಿ ಸ್ವಾಮಿ?" ಸೆಕ್ಯುರಿಟಿಯವನು ಓಡಿಬಂದ. ನಾನೂ ತೋಳು ಮಡಚಿದೆ, ಸುಳ್ಳು ಹೇಳುವುದಿಲ್ಲ.

ತಪ್ಪು ಕಾಲಿಗೆ ಚುಚ್ಚಿರಲಿಲ್ಲ ಗೆಳೆಯರೇ. ಅದೇ ಸರಿಯಾದ ದಾರಿ. ಯಾಕೆ ಸರಿ ಎಂದು ಒಬ್ಬ ಡ್ಯೂಟಿ ಡಾಕ್ಟರಮ್ಮ, ಧಾರವಾಡದ ಕಡೆಯವರು, ನಮ್ಮ ಬಿಲ್ಲಿನ ಹಿಂಬದಿಯಲ್ಲೇ ಗೆರೆ ಎಳೆದು ತೋರಿಸಿದರು. ಐದು ನಿಮಿಷ ಹಿಡಿಯಿತು.

ಎದೆಯಿಂದ ಇಳಿಯುವ ಮಹಾಪಧಮನಿ ಹೊಕ್ಕುಳ ಮಟ್ಟದ ಹತ್ತಿರ, ಸೊಂಟದ ನಾಲ್ಕನೇ ಮಣಿಯ ಎದುರು ತಲೆಕೆಳಗಾದ ವಿ ಅಕ್ಷರದ ಹಾಗೆ ಎರಡಾಗುತ್ತದೆ. ಇವೆರಡು ಇಲಿಯಾಕ್ ಅಪಧಮನಿಗಳು. ಒಂದೊಂದೂ ಮತ್ತೆ ಕವಲೊಡೆದು, ಒಳಗಿನ ಕವಲು ಕಿಬ್ಬೊಟ್ಟೆಯ ಅಂಗಗಳಿಗೆ ಹೋಗುತ್ತದೆ, ಹೊರಗಿನದು ತೊಡೆಸಂದಿ ದಾಟಿ ಕಾಲಿಗಿಳಿಯುತ್ತದೆ. ತೊಡೆಸಂದಿಯಲ್ಲಿ ಅದರ ಹೆಸರು ಫೆಮೊರಲ್. ಕೈಯಿಟ್ಟರೆ ನಾಡಿ ಸಿಗುವಷ್ಟು ಮೇಲೆ ಇರುತ್ತದೆ, ಅದಕ್ಕೇ ಸೂಜಿ ಹಾಕುವುದು ಅಲ್ಲಿ. ಎಡಗಡೆ ಒಳಹೊಕ್ಕ ತೆಳು ಕೊಳವೆಯನ್ನು ತಂತಿಯ ಮೇಲೆ ಮೇಲಕ್ಕೆ ತಳ್ಳಿ, ಆ ವಿ ಅಕ್ಷರದ ತುದಿ ಹತ್ತಿಸಿ, ಆಚೆ ಬದಿಯ ಬಲಗಾಲಿಗೆ ಇಳಿಸುತ್ತಾರೆ. ರಕ್ತ ಹರಿಯುವ ದಿಕ್ಕಿಗೇ ಕೊಳವೆ ಇಳಿಯುತ್ತದೆ, ಕೆಟ್ಟ ಕಾಲಿಗೆ ಗಾಯವೂ ಆಗುವುದಿಲ್ಲ. ಇಷ್ಟೇ. ಇಷ್ಟನ್ನು ಮೊದಲೇ ಹೇಳಿದ್ದರೆ ಅತ್ತೆ ಯಾಕೆ ಕೂಗುತ್ತಿದ್ದರು? 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ: ಏನು ಮಾಡುತ್ತೇವೆ, ಯಾಕೆ, ಅಪಾಯವೇನು, ಬೇರೆ ದಾರಿಯೇನು ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ತಿಳಿಸುವುದೆಂದರೆ ತಿಳಿಯುವ ಭಾಷೆಯಲ್ಲಿ ತಾನೇ? ಹೆಂಗಸರ ಬಸಿರು ಬಾಣಂತನವನ್ನು ಅನುಪಮಾ ನಿರಂಜನ 'ತಾಯಿ ಮಗು'ವಿನಲ್ಲಿ ಮನೆಮನೆಗೂ ಕನ್ನಡದಲ್ಲಿ ತಲುಪಿಸಿದ ನಾಡು ಇದು. ಎರಡು ಹಾಳೆ ಒಪ್ಪಿಗೆಪತ್ರ ಕನ್ನಡದಲ್ಲಿ ಅಚ್ಚಾಗುವುದಿಲ್ಲವೇ? ನಾನೇ ಹಾಕಿಕೊಡುತ್ತೇನೆ, ಕಾಗದದ ದುಡ್ಡು ಕೊಡಲಿ ಸಾಕು.

ಚಿತ್ರದ ಉಳಿದ ಭಾಗ ಕೇಳಿ. ತೊಡೆಸಂದಿಯ ಸ್ವಲ್ಪ ಕೆಳಗೆ ಫೆಮೊರಲ್ ಎರಡಾಗುತ್ತದೆ. ಒಂದು ಆಳಕ್ಕೆ ಹೋಗಿ ತೊಡೆಯ ಮಾಂಸಕ್ಕೆ ರಕ್ತ ಕೊಡುತ್ತದೆ. ಇನ್ನೊಂದು ದೂರದ ಬಸ್ಸಿನ ಹಾಗೆ ನೇರ ಇಳಿದು, ತೊಡೆಯ ಸ್ನಾಯುಗಳ ನಡುವಿನ ಇಕ್ಕಟ್ಟಾದ ಸುರಂಗ ದಾಟಿ ಮೊಣಕಾಲ ಹಿಂದೆ ಹೊರಬರುತ್ತದೆ. ಅಪಧಮನಿಗಳಲ್ಲಿ ಕೊಬ್ಬು ಕಟ್ಟಿ ಮುಚ್ಚುವುದು ಈ ಸುರಂಗದ ಬಳಿ ತುಂಬಾ ಸಾಮಾನ್ಯ. ಮಾವನದೂ ಅಲ್ಲೇ. ಮುಖ್ಯರಸ್ತೆ ಮುಚ್ಚಿದರೆ ಸರ್ವಿಸ್ ರೋಡಿನಲ್ಲಿ ಗಾಡಿ ನುಗ್ಗುವಂತೆ ಆಳದ ಕವಲಿನ ಸಣ್ಣ ನಾಳಗಳು ಹಿಗ್ಗಿ ರಕ್ತವನ್ನು ಸುತ್ತುಬಳಸಿ ಕೆಳಗೆ ಮುಟ್ಟಿಸುತ್ತವೆ. ಕೂತಿದ್ದಾಗ ಅಷ್ಟು ಸಾಕು, ನಡೆದಾಗ ಸಾಲದು. ಇನ್ನೂರು ಹೆಜ್ಜೆಯ ಲೆಕ್ಕ ಅದೇ.

ಮೊಣಕಾಲ ಕೆಳಗೆ ಮೂರು ನಾಳ. ಮುಂದಿನದು ಪಾದದ ಮೇಲ್ಭಾಗಕ್ಕೆ ಬರುತ್ತದೆ, ಹಿಂದಿನದು ಒಳಗಿಣ್ಣಿನ ಹಿಂದೆ ಹಾದು ಅಂಗಾಲಿಗೆ ಹೋಗುತ್ತದೆ, ನಡುವಿನದು ಹೊರಬದಿಯ ಎಲುಬಿನ ಪಕ್ಕ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕೆಡುವುದು ಈ ಮೂರು.

ಆಂಜಿಯೋಗ್ರಾಂ ಫಿಲ್ಮು ನೋಡಿದಾಗ ನನಗೆ ನಮ್ಮ ಆಫ್‌ಸೆಟ್ ನೆಗೆಟಿವೇ ನೆನಪಾಯಿತು. ಎಕ್ಸ್-ರೇಗೆ ರಕ್ತ ಕಾಣುವುದಿಲ್ಲ. ಅಯೋಡಿನ್ ಇರುವ ದ್ರವ ಬಿಟ್ಟರೆ ನಾಳದ ಒಳಗಿನ ದಾರಿ ಮೂಡುತ್ತದೆ. ಕಾಲೆಲ್ಲ ಬಿಸಿಯಾದಂತೆ ಅನ್ನಿಸುತ್ತದೆ, ಹೆದರಬೇಕಿಲ್ಲ. ಆದರೆ ಎಲುಬೂ ಜೊತೆಗೇ ಮೂಡಿ ಚಿತ್ರ ಗೋಜಲಾಗುತ್ತದಲ್ಲ? ದ್ರವ ಬಿಡುವ ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದುಬಿಟ್ಟರೆ ಎಲುಬು ಮಾಯ, ನಾಳ ಮಾತ್ರ ಉಳಿಯುತ್ತದೆ. ಈಗ ಕಂಪ್ಯೂಟರ್ ಮಾಡುವ ಈ ಕಳೆಯುವ ಲೆಕ್ಕವನ್ನು 1930ರ ದಶಕದಲ್ಲೇ ಹಾಲೆಂಡಿನ ಜೀಡ್ಸೆಸ್ ಡೆಸ್ ಪ್ಲಾಂಟೆಸ್ ಎಂಬ ವೈದ್ಯ ನೆಗೆಟಿವ್ ಮೇಲೆ ಪಾಸಿಟಿವ್ ಫಿಲ್ಮ್ ಇಟ್ಟೇ ಮಾಡಿದ್ದ. ಪಕ್ಕಾ ಪ್ರೆಸ್ಸಿನವನ ಬುದ್ಧಿ!

ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲೇ ವಿಯೆನ್ನಾದ ಇಬ್ಬರು ಸತ್ತವರ ಕೈಯೊಂದಕ್ಕೆ ದ್ರವ ತುಂಬಿ ನಾಳಗಳ ಚಿತ್ರ ತೆಗೆದರು. ಬದುಕಿದವರಿಗೆ ಚುಚ್ಚುವ ಸುಲಭ ದಾರಿ ಕೊಟ್ಟದ್ದು ಸ್ವೀಡನ್ನಿನ ಸೆಲ್ಡಿಂಗರ್, 1953ರಲ್ಲಿ: ಸೂಜಿ, ಸೂಜಿಯೊಳಗೆ ತಂತಿ, ಸೂಜಿ ತೆಗೆದು ತಂತಿಯ ಮೇಲೆ ಕೊಳವೆ. ಇವತ್ತೂ ಅದೇ. ಆದರೆ ನನಗೆ ಮೆಚ್ಚುಗೆಯಾದದ್ದು ಅಮೆರಿಕದ ಪೋರ್ಟ್‌ಲ್ಯಾಂಡಿನ ಒಬ್ಬ ಅಜ್ಜಿ. 82 ವಯಸ್ಸು, ಪಾದ ಕೊಳೆಯುತ್ತಿತ್ತು. ಕಾಲು ಕತ್ತರಿಸಬೇಕು ಅಂದರೆ ಸುತರಾಂ ಒಪ್ಪಲಿಲ್ಲ. 1964ರ ಜನವರಿ 16ರಂದು ಚಾರ್ಲ್ಸ್ ಡಾಟರ್ ಎಂಬ ಎಕ್ಸ್-ರೇ ವೈದ್ಯ, ಚಿತ್ರ ತೆಗೆಯುವ ದಾರಿಯಲ್ಲೇ ಕೊಳವೆ ತೂರಿಸಿ ಅವಳ ತೊಡೆಯ ನಾಳವನ್ನು ಹಿಗ್ಗಿಸಿಬಿಟ್ಟ. ಅಜ್ಜಿ ಸಾಯುವವರೆಗೂ ತನ್ನೆರಡು ಕಾಲಲ್ಲೇ ಓಡಾಡಿದಳು. ಮುದುಕಿಯ ಹಟದಿಂದ ಒಂದು ಚಿಕಿತ್ಸೆಯೇ ಹುಟ್ಟಿತು. ಬಲೂನು ಬಂದದ್ದು ಆಮೇಲೆ, 1974ರಲ್ಲಿ, ಗ್ರುಂಟ್ಜಿಗ್ ಕೈಯಲ್ಲಿ.

ಹಾಗಂತ ಕಾಲು ನೋವು ಅಂದ ಕೂಡಲೇ ಆಂಜಿಯೋಗ್ರಾಂ ಪ್ಯಾಕೇಜಿಗೆ ಓಡಬೇಡಿ. ಮೊದಲ ಪರೀಕ್ಷೆ ಅಗ್ಗದ್ದು. ಗಿಣ್ಣಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಅಂತ. ಸಕ್ಕರೆ ಕಾಯಿಲೆಯವರ ನಾಳ ಗಡುಸಾಗಿದ್ದರೆ ಈ ಲೆಕ್ಕ ಮೋಸ ಮಾಡುತ್ತದೆ, ಆಗ ಡಾಪ್ಲರ್ ಸ್ಕ್ಯಾನ್ ಇದೆ. ನಡೆದಾಗ ಮಾತ್ರ ನೋವು ಬರುವ ಬಹಳ ಜನಕ್ಕೆ ತಂಬಾಕು ಬಿಡುವುದು, ಮಾತ್ರೆ, ದಿನಾ ನೋವು ಬರುವವರೆಗೆ ನಡೆದು ನಿಂತು ಮತ್ತೆ ನಡೆಯುವುದು, ಇಷ್ಟರಲ್ಲೇ ಹಿಡಿತಕ್ಕೆ ಬರುತ್ತದೆ. ನಾಳ ತೆರೆಯಬೇಕು ಎಂದು ತೀರ್ಮಾನಿಸಿದವರಿಗೇ ಆಂಜಿಯೋಗ್ರಾಂ. ಅದಕ್ಕೂ ಮೊದಲು ಕಿಡ್ನಿ ಪರೀಕ್ಷೆ ಆಗಿದೆಯಾ ಎಂದು ಕೇಳಿ, ಆ ದ್ರವ ದುರ್ಬಲ ಕಿಡ್ನಿಗೆ ಪೆಟ್ಟು. ಅಯೋಡಿನ್ ದ್ರವ ಹಿಂದೆ ಒಗ್ಗದೆ ಇದ್ದರೆ ಬಾಯಿ ಬಿಟ್ಟು ಹೇಳಿ. ಒಂದು ಮಾತ್ರ ಕಾಯಬಾರದು: ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿ ನೋಯತೊಡಗಿದರೆ ಕೆಲವೇ ತಾಸುಗಳ ಸಮಯ. ಆಗ ಎಣ್ಣೆ ತಿಕ್ಕುತ್ತಾ ಕೂತರೆ ಕಾಲು ಹೋಯಿತು.

ನೀವೆಲ್ಲ ಇಪ್ಪತ್ತು ಇಪ್ಪತ್ತೈದರ ಹುಡುಗರು, ಇದು ಮುದುಕರ ಕಾಯಿಲೆ ಅನ್ನಬೇಡಿ. 1908ರಲ್ಲಿ ಲಿಯೋ ಬರ್ಗರ್ ಎಂಬಾತ ವಿವರಿಸಿದ ಕಾಯಿಲೆ ಹಿಡಿಯುವುದೇ ಬೀಡಿ ಸಿಗರೇಟಿನ ಹರೆಯದವರನ್ನು. ಬೆರಳ ತುದಿಯಿಂದ ಮೇಲಕ್ಕೆ ಹತ್ತುತ್ತದೆ. ಆಂಜಿಯೋಗ್ರಾಮಿನಲ್ಲಿ ಸಣ್ಣ ನಾಳಗಳು ತಿರುಪಿನ ಹಾಗೆ ಸುರುಳಿ ಸುತ್ತಿಕೊಂಡು ಕಾಣುತ್ತವೆ. ಅಲ್ಲಿ ಬಲೂನು ಸಾಮಾನ್ಯವಾಗಿ ಕೈಕೊಡುತ್ತದೆ. ತಂಬಾಕು ಪೂರ್ತಿ ಬಿಟ್ಟರೆ ಕಾಲು ಉಳಿಯುತ್ತದೆ. ದಿನಕ್ಕೊಂದೇ ಎಂಬ ಲೆಕ್ಕ ನಡೆಯುವುದಿಲ್ಲ.

ಇವತ್ತು ರಾತ್ರಿ ಅಪ್ಪನ ಪಾದ ಮುಟ್ಟಿ ನೋಡಿ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಎಲುಬುಗಳ ನಡುವಿನಿಂದ ಮೇಲಕ್ಕೆ ಸರಿದರೆ ಒಂದು ನಾಡಿ, ಒಳಗಿಣ್ಣಿನ ಹಿಂದೆ ಇನ್ನೊಂದು. ಕೆಲವು ಆರೋಗ್ಯವಂತರಿಗೂ ಪಾದದ ಮೇಲಿನದು ಸಿಗುವುದಿಲ್ಲ. ಎರಡೂ ಸಿಗದೆ ಪಾದ ತಣ್ಣಗಿದ್ದರೆ, ನಡೆದರೆ ನೋವಿದ್ದರೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮಾವನ ತೊಡೆಯ ನಾಳವನ್ನು ಬಲೂನಿನಿಂದ ತೆರೆದರು. ಕಾಲು ಉಳಿಯಿತು. ಎರಡು ಬೆರಳು ಹೋದವು, ಒಂದು ವರ್ಷ ತಡವಾಗಿದ್ದಕ್ಕೆ. ಈಗ ಬಸ್ ಸ್ಟಾಪಿನಿಂದ ಒಂದೇ ಉಸಿರಿಗೆ ಬರುತ್ತಾರೆ, ಬೀಡಿ ಬಿಟ್ಟಿದ್ದಾರೆ. ಬೈಂಡಿಂಗ್ ಹುಡುಗರನ್ನು ಸಾಲಾಗಿ ಕೂರಿಸಿ ಪಾದದ ನಾಡಿ ನೋಡುವುದು ಹೊಸ ಚಟ. ಅರ್ಧ ಸಲ ತಪ್ಪು ಜಾಗದಲ್ಲಿ ಬೆರಳಿಟ್ಟು "ನಿಂದು ನಿಂತೋಗಿದೆ ಕಣೋ" ಅಂತ ಹೆದರಿಸುತ್ತಾರೆ.